ಗಾಳಿಯ ಲೆಕ್ಕ ಬರೆದಿಟ್ಟವರು

ದಕ್ಷಿಣ ಗೋವಾದ ಕಾಣಕೋಣದಲ್ಲಿ ಕಾಬೋ ದ ರಾಮಾ ಕೋಟೆ ಇದೆ. ಕಾರವಾರದಿಂದ ಮಡಗಾಂವ್‌ಗೆ ಹೊರಟ ನಮ್ಮವರು ದಾರಿ ಬದಲಿಸಿ ನೋಡಿಬರುವ ಜಾಗ. 1993ರಿಂದ ಆ ಕಡಲಂಚಿನಲ್ಲಿ ಫ್ಲಾಸ್ಕ್‌ಗಳಿಗೆ ಗಾಳಿ ತುಂಬಿ, ಅದರಲ್ಲಿ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳು ಎಷ್ಟಿವೆ ಎಂದು ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುತ್ತಿದ್ದರು. ಅಹಮದಾಬಾದಿನ ಪಿಆರ್‌ಎಲ್, ಅಂದರೆ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಇದರಲ್ಲಿ ಜೊತೆಗಿದ್ದರು.

ಆ ಜಾಗವನ್ನು ಸುಮ್ನೆ ಆರಿಸಿದ್ದಲ್ಲ. ಮಳೆಗಾಲದಲ್ಲಿ ಅಲ್ಲಿಗೆ ತಲುಪುವ ಗಾಳಿ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದಿರುತ್ತದೆ. ದಾರಿಯಲ್ಲಿ ಊರಿಲ್ಲ, ಕಾರ್ಖಾನೆಯಿಲ್ಲ. ಚಳಿಗಾಲದಲ್ಲಿ ದಿಕ್ಕು ತಿರುಗುತ್ತದೆ. ಆಗ ಬರುವುದು ನೆಲದ ಕಡೆಯ ಗಾಳಿ, ಒಲೆ, ಲಾರಿ, ಚಿಮಣಿಗಳ ಹೊಗೆ ಹೊತ್ತದ್ದು. ಒಂದೇ ಬಂಡೆಯ ಮೇಲೆ ನಿಂತು ಎರಡನ್ನೂ ಅಳೆಯಬಹುದು. ಆದರೆ 2002ರಲ್ಲಿ ಆ ಕೆಲಸ ನಿಂತುಹೋಯಿತು. ಮತ್ತೆ ಶುರುವಾಗಿದ್ದು 2009ರಲ್ಲಿ. ನಡುವಿನ ವರ್ಷಗಳ ಗಾಳಿಯನ್ನು ಈಗ ಯಾವ ಯಂತ್ರವೂ ಹಿಡಿದು ಕೊಡಲಾರದು. ಇದು ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಈ ನೋವು ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್‌ಗೂ ಗೊತ್ತಿತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅವರು ಅಳತೆ ಶುರು ಮಾಡಿದಾಗ, ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 313 ಇಂಗಾಲದ ಡೈಆಕ್ಸೈಡಿನವು. 1964ರಲ್ಲಿ ಹಣದ ಕೊರತೆಯಿಂದ ಕೆಲವು ತಿಂಗಳು ಅಲ್ಲೂ ಅಳತೆ ನಿಂತಿತ್ತು. 2005ರಲ್ಲಿ ತೀರಿಕೊಳ್ಳುವವರೆಗೂ ಕೀಲಿಂಗ್ ಇದೇ ಕೆಲಸದಲ್ಲಿದ್ದರು. ಈಗ ಆ ಸಂಖ್ಯೆ 420 ದಾಟಿದೆ.

ಪುಣೆಯ ಕನ್ನಡಿಗರಿಗೆ ಸಿಂಹಗಡ ಅಂದರೆ ಭಾನುವಾರದ ಚಾರಣ, ಮೇಲೆ ಹೋಗಿ ಪಿಠಲಾ-ಭಾಕ್ರಿ. ಪುಣೆಯ ಪಾಷಾಣ್ ಬಡಾವಣೆಯ ಐಐಟಿಎಂ, ಅಂದರೆ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ, 2009ರಿಂದ ಅದೇ ಗುಡ್ಡದ ಮೇಲೆ ಗಾಳಿಯ ಮಾದರಿ ಸಂಗ್ರಹಿಸತೊಡಗಿತು. ಊರೊಳಗೆ ಅಳೆದರೆ ಪಕ್ಕದ ರಸ್ತೆಯ ಹೊಗೆಯೇ ಜಾಸ್ತಿ ಕಾಣುತ್ತದೆ, ಅದಕ್ಕೇ ಎತ್ತರ ಬೇಕು.

ಆದರೆ ನಾವು ಉಸಿರಾಡುವುದು ಊರೊಳಗೇ ಅಲ್ವಾ? ಆ ಲೆಕ್ಕಕ್ಕಾಗಿ ಇದೇ ಸಂಸ್ಥೆಯ ಗುಫ್ರಾನ್ ಬೇಗ್ ಮುಂದಾಳುತನದಲ್ಲಿ 'ಸಫರ್' ಎಂಬ ಗಾಳಿಯ ಗುಣಮಟ್ಟ ಅಳೆಯುವ ವ್ಯವಸ್ಥೆ ಬಂತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ದೆಹಲಿಯಲ್ಲಿ, 2013ರಲ್ಲಿ ಪುಣೆಯಲ್ಲಿ, 2015ರಲ್ಲಿ ಮುಂಬಯಿಯಲ್ಲಿ. ಇವತ್ತಿನ ಗಾಳಿ ಹೇಗಿದೆ ಎಂಬುದರ ಜೊತೆಗೆ ಮುಂದಿನ ದಿನಗಳ ಮುನ್ಸೂಚನೆಯನ್ನೂ ಅದು ಕೊಡತೊಡಗಿತು. ಮಾಟುಂಗಾ, ಡೊಂಬಿವಲಿಯ ಉಬ್ಬಸದ ಅಜ್ಜ-ಅಜ್ಜಿಯರು ಬೆಳಗಿನ ವಾಕಿಂಗ್‌ಗೆ ಹೋಗುವ ಮುಂಚೆ ನೋಡಬೇಕಾದ್ದು ಇದನ್ನೇ.

ಮುಂಬಯಿಯನ್ನು ಕಡಲಗಾಳಿ ಗುಡಿಸಿಬಿಡುತ್ತದೆ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. 2022-23ರ ಚಳಿಗಾಲದಲ್ಲಿ ಹಾಗಾಗಲಿಲ್ಲ. ದಿನಗಟ್ಟಲೆ ಮಬ್ಬು ಕವಿದಿತ್ತು. ಆ ಹೊತ್ತಿಗೆ ಬೆಂಗಳೂರಿನ ಎನ್‌ಐಎಎಸ್, ಅಂದರೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸೇರಿದ್ದ ಬೇಗ್ ಮತ್ತು ಜೊತೆಗಾರರು ಇದನ್ನು ಸತತ ಮೂರು ವರ್ಷ ಮುಂದುವರಿದ ಲಾ ನಿನಾ (ಪೆಸಿಫಿಕ್ ಸಾಗರದ ಮೇಲ್ಮೈ ವಾಡಿಕೆಗಿಂತ ತಣ್ಣಗಾಗುವ ವಿದ್ಯಮಾನ) ಜೊತೆ ಸಂಬಂಧಿಸಿ ನೋಡಿದರು. ಗಾಳಿಯ ಚಲನೆ ಬದಲಾಗಿ, ಇಲ್ಲಿನ ಧೂಳು-ಹೊಗೆ ಇಲ್ಲೇ ಉಳಿದಿತ್ತು. ಹೊಗೆ ಬಿಟ್ಟವರು ನಾವೇ, ಗಾಳಿ ಅದನ್ನು ಹೊತ್ತೊಯ್ಯಲಿಲ್ಲ ಅಷ್ಟೆ. ಆ ಚಳಿಗಾಲ ಎಷ್ಟು ಕೆಟ್ಟದ್ದು ಎಂದು ಹೋಲಿಸಿ ಹೇಳಲು ಹಿಂದಿನ ವರ್ಷಗಳ ಅಳತೆ ಕೈಯಲ್ಲಿತ್ತು.