ನೋಡಿದವರು ಎಷ್ಟು ಕೋಟಿ?

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತುವ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಒಂಬತ್ತು ಜನ ಕೂತಿದ್ದೆವು. ನಾವು ಆರು ಮಂದಿ, ಮೇಲಿನ ಮಹಡಿಯ ಬಾಡಿಗೆಯವರು ಮೂವರು. ಟಿ.ವಿ. ಒಂದೇ. ಅಕ್ಕನ ಮಗ ಮಾತ್ರ ಅದೇ ಪಂದ್ಯವನ್ನು ಮೊಬೈಲಿನಲ್ಲೂ ಹಾಕಿಕೊಂಡಿದ್ದ. ನಡುನಡುವೆ ವಾಟ್ಸ್‌ಆ್ಯಪ್‌ಗೆ ಹೋಗಿ ಗೆಳೆಯರೊಡನೆ ಜಗಳ ಮಾಡಿ ಮತ್ತೆ ಪಂದ್ಯಕ್ಕೆ ಮರಳುತ್ತಿದ್ದ. ಅವನ ಪರದೆಯ ಮೂಲೆಯಲ್ಲಿ ಒಂದು ಅಂಕಿ ಏರುತ್ತಲೇ ಇತ್ತು. ಅದು ಅರವತ್ತು ಕೋಟಿ ದಾಟಿದಾಗ ‘ಅರ್ಧ ದೇಶವೇ ನೋಡುತ್ತಿದೆ’ ಎಂದು ಕೂಗಿದ. ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಕೂತಿದ್ದ ಅಮ್ಮ, ‘ಅದರಲ್ಲಿ ನನ್ನನ್ನೂ ಸೇರಿಸಿದ್ದಾರೆಯೇ?’ ಎಂದು ಕೇಳಿದರು.

ಸೇರಿಸಿರಲಿಲ್ಲ. ಮೊಬೈಲಿನಲ್ಲಿ ಓಡುತ್ತಿದ್ದದ್ದು ಜನರ ಲೆಕ್ಕವಲ್ಲ, ಪಂದ್ಯವನ್ನು ಎಷ್ಟು ಸಲ ತೆರೆಯಲಾಯಿತು ಎಂಬುದರ ಲೆಕ್ಕ. ಅಕ್ಕನ ಮಗ ಹತ್ತು ಸಲ ಹೋಗಿ ಬಂದಿದ್ದರೆ ಅವನೊಬ್ಬನೇ ಹತ್ತು. ಟಿ.ವಿ. ಮುಂದೆ ಅಲುಗಾಡದೆ ಕೂತಿದ್ದ ಎಂಟು ಜನ ಆ ಲೆಕ್ಕದಲ್ಲಿ ಸೊನ್ನೆ. ಹಾಗೆಂದು ಟಿ.ವಿ.ಯ ಲೆಕ್ಕದಲ್ಲಿ ಇದ್ದೆವೇ ಎಂದರೆ ಅಲ್ಲೂ ನೇರವಾಗಿ ಇಲ್ಲ. ಯಾವ ವಾಹಿನಿ ನೋಡುತ್ತೇವೆ ಎಂದು ದಾಖಲಿಸುವ ಮೀಟರನ್ನು ಆಯ್ದ ಮನೆಗಳಲ್ಲಷ್ಟೇ ಇಟ್ಟಿರುತ್ತಾರೆ, ನಮ್ಮ ಮನೆಯಲ್ಲಿ ಅದು ಇಲ್ಲ. ಎಲ್ಲೋ ಒಂದು ಅಪರಿಚಿತ ಮನೆ ನಮ್ಮ ಪರವಾಗಿ ಪಂದ್ಯ ನೋಡಿತ್ತು.

ದೊಡ್ಡ ಪಂದ್ಯ ಮುಗಿದ ಮರುದಿನ ಪತ್ರಿಕೆಯಲ್ಲಿ ‘ದಾಖಲೆ ವೀಕ್ಷಣೆ’ ಎಂಬ ಸುದ್ದಿ ತಪ್ಪದೆ ಬರುತ್ತದೆ. ನಲವತ್ತು ವರ್ಷಗಳ ಇಂಥ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ನೋಡುಗರು ಹೆಚ್ಚಿದ್ದು ನಿಜವೇ. ಆದರೆ ಅಳತೆಯ ಪಾತ್ರೆಯೂ ಪ್ರತಿಸಲ ಬದಲಾಗಿರುವುದು ಕಾಣುತ್ತದೆ. ಹೋದ ವರ್ಷ ಸೇರಿನಲ್ಲಿ ಅಳೆದ ರಾಗಿಯನ್ನು ಈ ವರ್ಷ ಪಾವಿನಲ್ಲಿ ಅಳೆದು ಫಸಲು ನಾಲ್ಕು ಪಟ್ಟಾಯಿತು ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ಕ್ರಿಕೆಟ್ ವ್ಯಾಪಾರದಲ್ಲಿ ಅದು ನಡೆಯುತ್ತದೆ.

1983ರಲ್ಲಿ ಅಳೆಯುವವರೇ ಇರಲಿಲ್ಲ. ಬಣ್ಣದ ಟಿ.ವಿ. ಹಿಂದಿನ ವರ್ಷವಷ್ಟೇ ದೆಹಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಂದಿತ್ತು. ಜೂನ್ 25ರ ಲಾರ್ಡ್ಸ್ ಫೈನಲ್ ನೋಡಿದೆ ಎನ್ನುವವರು ಇಂದು ಊರಿಗೆ ನೂರು ಮಂದಿ ಸಿಗುತ್ತಾರೆ, ಆಗ ಊರಿಗೆ ಎಷ್ಟು ಟಿ.ವಿ. ಇತ್ತು ಎಂದು ಮಾತ್ರ ಕೇಳಬಾರದು. ಅದೇ ವಿಶ್ವಕಪ್ಪಿನಲ್ಲಿ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಇನ್ನೊಂದು ತುದಿಯಲ್ಲಿ ನಮ್ಮ ಸೈಯದ್ ಕಿರ್ಮಾನಿ ನಿಂತು ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸಿದರು. ಆ ಆಟದ ದೃಶ್ಯ ದಾಖಲೆಯೇ ಇಲ್ಲ. ಭಾರತದ ಕ್ರಿಕೆಟ್ ಚರಿತ್ರೆಯನ್ನು ತಿರುಗಿಸಿದ ಇನಿಂಗ್ಸ್‌ನ ಟಿ.ವಿ. ವೀಕ್ಷಕರ ಸಂಖ್ಯೆ ಸೊನ್ನೆ.

ಲೆಕ್ಕ ಬೇಕಿರಲಿಲ್ಲ, ಏಕೆಂದರೆ ಕೊಳ್ಳುವವರು ಇರಲಿಲ್ಲ. ಇದ್ದದ್ದು ಒಂದೇ ದೂರದರ್ಶನ. ಪಂದ್ಯ ತೋರಿಸಲು ಕ್ರಿಕೆಟ್ ಮಂಡಳಿಯೇ ದೂರದರ್ಶನಕ್ಕೆ ಹಣ ಕಟ್ಟಬೇಕಾಗಿದ್ದ ಕಾಲವೂ ಇತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಈ ಗಂಟು ಬಿಚ್ಚಿದ್ದು 1993ರ ಹೀರೋ ಕಪ್. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಮಾರಿತು, ಸರ್ಕಾರ ಅಡ್ಡ ನಿಂತಿತು, ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅದರ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು 1995ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಹಕ್ಕಿಗೆ ಬೆಲೆ ಹುಟ್ಟಿತು. ಬೆಲೆ ಹುಟ್ಟಿದ ಮೇಲೆ, ಕೊಟ್ಟ ಹಣಕ್ಕೆ ಎಷ್ಟು ಕಣ್ಣು ಸಿಗುತ್ತವೆ ಎಂದು ಜಾಹೀರಾತುದಾರ ಕೇಳಲೇಬೇಕು.

ಆಗ ಇದ್ದದ್ದು ಡೈರಿ ಪದ್ಧತಿ. ಆಯ್ದ ಮನೆಗಳಿಗೆ ಪುಸ್ತಕ ಕೊಟ್ಟು, ಯಾರು ಎಷ್ಟು ಹೊತ್ತಿಗೆ ಏನು ನೋಡಿದರು ಎಂದು ಗುರುತು ಹಾಕಿಸುವುದು. ಇಡೀ ವಾರದ ಪುಟಗಳನ್ನು ಭಾನುವಾರ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿಸಿದರೂ ಹಿಡಿಯುವವರಿಲ್ಲ.

1996ರ ಮಾರ್ಚ್ 9 ನನಗೆ ಚೆನ್ನಾಗಿ ನೆನಪಿದೆ. ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ, ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣ. ನಾನು ನೋಡಿದ್ದು ನಮ್ಮೂರ ಬಸ್ ನಿಲ್ದಾಣದ ಎದುರಿನ ಟಿ.ವಿ. ರಿಪೇರಿ ಅಂಗಡಿಯ ಮುಂದೆ ನಿಂತು. ಕೌಂಟರಿನ ಮೇಲೆ ಯಾರದೋ ರಿಪೇರಿಗೆ ಬಂದ ಪೆಟ್ಟಿಗೆ, ಹಿಂಬದಿಯ ಮುಚ್ಚಳ ಇನ್ನೂ ಬಿಚ್ಚಿಯೇ ಇತ್ತು. ಅಜಯ್ ಜಡೇಜಾ ವಕಾರ್ ಯೂನಿಸ್‌ನನ್ನು ಚಚ್ಚುವಾಗ ರಸ್ತೆಯ ಅರ್ಧದವರೆಗೆ ಜನ. ಆಮಿರ್ ಸೊಹೈಲ್ ಬ್ಯಾಟು ತೋರಿಸಿ ಮೂದಲಿಸಿದ ಮರು ಎಸೆತಕ್ಕೇ ವೆಂಕಟೇಶ ಪ್ರಸಾದ್ ಅವನ ಸ್ಟಂಪ್ ಕಿತ್ತಾಗ, ನಿಲ್ದಾಣ ಬಿಟ್ಟಿದ್ದ ಬಸ್ಸೊಂದು ನಿಂತು ಡ್ರೈವರ್ ಇಳಿದು ಬಂದು ವಿಚಾರಿಸಿಕೊಂಡು ಹೋದ. ಆ ಅಂಗಡಿಯ ಮುಂದೆ ಇನ್ನೂರು ಜನ ಇದ್ದಿರಬೇಕು. ಯಾವ ಡೈರಿಯಲ್ಲೂ ಅವರಿಗೊಂದು ಖಾನೆ ಇರಲಿಲ್ಲ. ಮನೆಯ ಹೊರಗೆ ನೋಡುವವರನ್ನು ಲೆಕ್ಕಕ್ಕೆ ತರುವುದು ಈಗಲೂ ಈ ವಿದ್ಯೆಯ ದುರ್ಬಲ ಜಾಗ. ಹೋಟೆಲು, ದರ್ಶಿನಿ, ಬಡಾವಣೆಯ ದೊಡ್ಡ ಪರದೆ, ಎಲ್ಲವೂ ಮನೆಯ ಮೀಟರಿನ ಕೈಗೆ ಸಿಗದವು.

1998ರಲ್ಲಿ ಟ್ಯಾಮ್ ಎಂಬ ಸಂಸ್ಥೆ ಮೀಟರುಗಳನ್ನು ತಂದಿತು. ಎದುರಾಳಿಯಾಗಿ ಇನ್‌ಟ್ಯಾಮ್ ಕೂಡ ಇತ್ತು. 2001ರಲ್ಲಿ ಮುಂಬೈಯಲ್ಲಿ ಮೀಟರ್ ಇಟ್ಟ ಮನೆಗಳ ಗುಟ್ಟಿನ ಪಟ್ಟಿಯೇ ಹೊರಬಿದ್ದು ದೊಡ್ಡ ಗದ್ದಲವಾಯಿತು. ಪಟ್ಟಿ ಸಿಕ್ಕಿದವನಿಗೆ ಇಡೀ ಊರನ್ನು ಒಲಿಸಿಕೊಳ್ಳುವ ಅಗತ್ಯವಿಲ್ಲ, ಆ ಕೆಲವು ಮನೆಗಳು ಸಾಕು. ಹದಿನಾಲ್ಕು ವರ್ಷ ಕಳೆದು, ಪ್ರಸಾರಕರು ಮತ್ತು ಜಾಹೀರಾತುದಾರರು ಸೇರಿ ಕಟ್ಟಿದ ಬಾರ್ಕ್ 2015ರ ಏಪ್ರಿಲ್‌ನಿಂದ ಅಂಕಿ ಕೊಡತೊಡಗಿತು. ಅದೇ ವರ್ಷ ಹಳ್ಳಿಗಳೂ ಲೆಕ್ಕಕ್ಕೆ ಬಂದವು. ಒಂದೇ ಏಟಿಗೆ ‘ಭಾರತದ ವೀಕ್ಷಕರು’ ಎಂಬ ಮಾತಿನ ಅರ್ಥವೇ ಹಿಗ್ಗಿತು.

ಗುರುವಾರ ಬಂತೆಂದರೆ ಕನ್ನಡ ಧಾರಾವಾಹಿಗಳ ಟಿಆರ್‌ಪಿ ಪಟ್ಟಿಗಾಗಿ ಕಾಯುವವರಿಗೆ ಬಾರ್ಕ್ ಹೆಸರು ಹೊಸದಲ್ಲ. ಆ ಪಟ್ಟಿ ಹುಟ್ಟುವ ಬಗೆ ಮಾತ್ರ ಕಡಿಮೆ ಜನಕ್ಕೆ ಗೊತ್ತು. ಪ್ರತಿ ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದನ್ನು ಬೆರೆಸಿರುತ್ತಾರೆ. ಟಿ.ವಿ. ಪಕ್ಕದ ಮೀಟರ್ ಆ ಗುರುತನ್ನು ಕೇಳಿಸಿಕೊಂಡು ಯಾವ ವಾಹಿನಿ ಎಂದು ತಿಳಿಯುತ್ತದೆ. ಯಾರು ನೋಡುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು. ಅದಕ್ಕೆಂದೇ ಪ್ರತ್ಯೇಕ ರಿಮೋಟ್ ಇದೆ: ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಕೋಣೆಗೆ ಬಂದಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಕೊನೆಯ ಓವರಿನಲ್ಲಿ ಕುಕ್ಕರ್ ಕೂಗಿದರೆ ಅಡುಗೆಮನೆಗೆ ಓಡುವ ಗೃಹಿಣಿ ಗುಂಡಿ ಒತ್ತಿ ಓಡುತ್ತಾಳೆ ಎಂಬ ನಂಬಿಕೆಯ ಮೇಲೆ ಸಾವಿರಾರು ಕೋಟಿ ರೂಪಾಯಿಯ ವ್ಯವಹಾರ ನಿಂತಿದೆ.

2020ರಲ್ಲಿ ದೇಶದಲ್ಲಿ ಟಿ.ವಿ. ಇರುವ ಮನೆಗಳು 21 ಕೋಟಿ ಎಂದು ಬಾರ್ಕ್ ಅಂದಾಜು ಮಾಡಿತ್ತು. ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ ಒಂದು ಮನೆ ಸುಮಾರು 4,800 ಮನೆಗಳ ವಕಾಲತ್ತು ಹೊತ್ತಿತ್ತು. ಇದು ಮೋಸವಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಆದರೆ ಆ ಅಗುಳಿಗೆ ಯಾರಾದರೂ ಲಂಚ ಕೊಟ್ಟರೆ? ಅದೇ ವರ್ಷ ಅಕ್ಟೋಬರ್‌ನಲ್ಲಿ, ಯುಎಇಯಲ್ಲಿ ಐಪಿಎಲ್ ನಡೆಯುತ್ತಿದ್ದಾಗಲೇ, ಮೀಟರ್ ಇರುವ ಮನೆಗಳಿಗೆ ಹಣ ಕೊಟ್ಟು ವಾಹಿನಿ ಹಾಕಿಸಿದ ಆರೋಪದ ಮೇಲೆ ಮುಂಬೈ ಪೊಲೀಸರು ಜನರನ್ನು ಬಂಧಿಸಿದರು. ಆರೋಪ ಕ್ರೀಡಾ ವಾಹಿನಿಗಳ ಮೇಲಿರಲಿಲ್ಲ. ಮೊಕದ್ದಮೆಯನ್ನು ಮುಂದೆ ಮಹಾರಾಷ್ಟ್ರ ಸರ್ಕಾರವೇ ಹಿಂಪಡೆಯಿತು. ಆ ಗದ್ದಲದಲ್ಲಿ ಸುದ್ದಿ ವಾಹಿನಿಗಳ ವಾರದ ಅಂಕಿ 2022ರ ಮಾರ್ಚ್‌ವರೆಗೆ ನಿಂತೇ ಹೋಗಿತ್ತು.

ಇನ್ನು ಅಂಕಿಯೊಳಗಿನ ಕೈಚಳಕ. ನೂರು ಜನರ ಊರು ಎಂದುಕೊಳ್ಳಿ. ಹತ್ತು ಜನ ಪೂರ್ತಿ ಪಂದ್ಯ ನೋಡಿದರು. ಅಷ್ಟೇ ಜನರ ಪಕ್ಕದ ಊರಲ್ಲಿ ನಲವತ್ತು ಜನ ಕಾಲು ಭಾಗವಷ್ಟೇ ನೋಡಿದರು. ನೋಡಿದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವ ರೇಟಿಂಗ್ ಎರಡೂ ಊರಿಗೆ ಒಂದೇ, ಹತ್ತು. ಆದರೆ ‘ರೀಚ್’ ಎಂಬ ಲೆಕ್ಕದಲ್ಲಿ ಮೊದಲ ಊರಿಗೆ ಹತ್ತು, ಎರಡನೆಯದಕ್ಕೆ ನಲವತ್ತು, ಏಕೆಂದರೆ ರೀಚ್‌ಗೆ ಒಂದು ನಿಮಿಷ ಕಂಡರೂ ಸಾಕು. ಪತ್ರಿಕಾ ಹೇಳಿಕೆಯಲ್ಲಿ ಯಾವುದು ಬರುತ್ತದೆ ಎಂದು ಹೇಳಬೇಕಿಲ್ಲ.

ಇದು ನಮ್ಮೊಬ್ಬರ ಚಾಳಿಯಲ್ಲ. 2010ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಅನ್ನು ಮನೆಯಲ್ಲಿ ಕೂತು ಒಂದು ನಿಮಿಷವಾದರೂ ನೋಡಿದವರು 90.96 ಕೋಟಿ ಎಂದು ಫಿಫಾ ವರದಿ ಹೇಳಿತು. ಅದೇ ವರದಿಯಲ್ಲಿ ಸತತ ಇಪ್ಪತ್ತು ನಿಮಿಷ ನೋಡಿದವರು 61.97 ಕೋಟಿ, ಸರಾಸರಿ 53.09 ಕೋಟಿ. ಮೂರೂ ಸತ್ಯ. ಜಗತ್ತಿಗೆ ನೆನಪುಳಿದದ್ದು ನೂರು ಕೋಟಿಗೆ ಹತ್ತಿರದ ಮೊದಲನೆಯದು.

ದುಡ್ಡಿನ ಕಡೆಗೆ ಬಂದರೆ, 2007ರ ವಿಶ್ವಕಪ್ ಪ್ರಸಾರಕರು ಮರೆಯದ ಪಾಠ. ಬಾಂಗ್ಲಾದೇಶ ಮತ್ತು ಶ್ರೀಲಂಕಾ ಎದುರು ಸೋತು ಭಾರತ ಮಾರ್ಚ್‌ನಲ್ಲೇ ಮನೆಗೆ ಬಂತು. ಟೂರ್ನಿ ಏಪ್ರಿಲ್ ಕೊನೆಯವರೆಗೆ ಯಾರಿಗೂ ಬೇಡದ ಮದುವೆಯಂತೆ ಎಳೆದುಕೊಂಡು ಹೋಯಿತು. ಮರುವರ್ಷ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಮೆಕಲಮ್ 158 ಹೊಡೆದು, ಆರ್‌ಸಿಬಿ 82ಕ್ಕೆ ಉದುರಿ ಐಪಿಎಲ್ ಶುರುವಾಯಿತು. ಯಾವ ದೇಶ ಸೋತರೂ ಇಲ್ಲಿ ನೋಡುಗರು ಖಾಲಿಯಾಗುವುದಿಲ್ಲ ಎಂಬುದೇ ಅದರ ವ್ಯಾಪಾರಿ ಜಾಣತನ. 2018ರಿಂದ ಕನ್ನಡದಲ್ಲೂ ವೀಕ್ಷಕ ವಿವರಣೆ ಬಂತು. 2022ರಲ್ಲಿ ಐದು ವರ್ಷಗಳ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಭಾಗಿಸಿದರೆ ಪಂದ್ಯಕ್ಕೆ 118 ಕೋಟಿ, ಎಸೆತಕ್ಕೆ ಸುಮಾರು 49 ಲಕ್ಷ. ಟಿ.ವಿ. ಹಕ್ಕು ಒಬ್ಬರಿಗೆ, ಡಿಜಿಟಲ್ ಹಕ್ಕು ಇನ್ನೊಬ್ಬರಿಗೆ ಹೋಯಿತು. ಬೆಲೆಯೂ ಹೆಚ್ಚುಕಡಿಮೆ ಸಮಸಮ. ಮುಂದಿನ ಸೀಸನ್‌ನಲ್ಲಿ ‘ನೋಡುಗರು ನಮ್ಮಲ್ಲೇ ಹೆಚ್ಚು’ ಎಂದು ಎರಡೂ ಕಡೆಯವರು ಬೇರೆಬೇರೆ ಅಳತೆ ಹಿಡಿದು ಹೇಳಿದರು.

ಮೊಬೈಲಿನ ಅಳತೆಗಳಲ್ಲಿ ನನಗೆ ಹಿಡಿಸುವುದು ಒಂದೇ: ಒಂದೇ ಕ್ಷಣದಲ್ಲಿ ಎಷ್ಟು ಮೊಬೈಲು, ಪರದೆಗಳು ತೆರೆದಿದ್ದವು ಎಂಬ ಏಕಕಾಲದ ಲೆಕ್ಕ. ಅದರಲ್ಲಿ ಅಂದಾಜು ಇಲ್ಲ, ಸರ್ವರ್ ಎಣಿಸಿದ್ದು. 2019ರ ಜುಲೈ, ಮ್ಯಾಂಚೆಸ್ಟರ್, ನ್ಯೂಜಿಲೆಂಡ್ ವಿರುದ್ಧದ ಸೆಮಿಫೈನಲ್. ಮಳೆಯಿಂದ ಪಂದ್ಯ ಮರುದಿನಕ್ಕೆ ಹೋಗಿತ್ತು. ಧೋನಿ ಕ್ರೀಸಿನಲ್ಲಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ. ಗಪ್ಟಿಲ್ ಎಸೆದ ಚೆಂಡು ಸ್ಟಂಪ್‌ಗೆ ಬಡಿಯಿತು, ಧೋನಿ ರನೌಟ್. ನೋಡುಗರ ಸಂಖ್ಯೆಯ ರೇಖೆ ಗೋಡೆಯಿಂದ ಬಿದ್ದಂತೆ ಕೆಳಗಿಳಿಯಿತು. ಆ ತಾಣದ ಎಂಜಿನಿಯರುಗಳಿಗೆ ಏರುವ ಜನಕ್ಕಿಂತ ಹೀಗೆ ಇಳಿಯುವ ಜನರದ್ದೇ ಭಯವಂತೆ. ಎಲ್ಲರೂ ಒಟ್ಟಿಗೆ ಹಿಂದಿನ ಪುಟಕ್ಕೆ ಹೋಗುತ್ತಾರೆ, ಆ ಪುಟದ ಮೇಲೆ ಒಮ್ಮೆಗೇ ಭಾರ ಬೀಳುತ್ತದೆ.

ಆ 2.53 ಕೋಟಿ ದಾಖಲೆ ನಾಲ್ಕು ವರ್ಷ ಅಲುಗಲಿಲ್ಲ. 2023ರಲ್ಲಿ ಪುಡಿಪುಡಿಯಾಯಿತು. ಐಪಿಎಲ್ ಫೈನಲ್‌ಗೆ 3.2 ಕೋಟಿ, ನವೆಂಬರ್ 19ರ ವಿಶ್ವಕಪ್ ಫೈನಲ್‌ಗೆ 5.9 ಕೋಟಿ. ಕ್ರಿಕೆಟ್ ಪ್ರೀತಿ ಒಮ್ಮೆಗೇ ಇಮ್ಮಡಿಯಾಯಿತೇ? ಆ ವರ್ಷ ಎರಡನ್ನೂ ಮೊಬೈಲಿನಲ್ಲಿ ಬಿಟ್ಟಿ ತೋರಿಸಲಾಯಿತು. ಅದೇ ವಿಶ್ವಕಪ್ ಫೈನಲ್‌ನಲ್ಲಿ ಟಿ.ವಿ. ಮುಂದೆ ಏಕಕಾಲಕ್ಕೆ 13 ಕೋಟಿ, ರೀಚ್ 30 ಕೋಟಿ. ಮೊಬೈಲಿನ ಅಬ್ಬರದಲ್ಲಿ ಹಳೆಯ ಪೆಟ್ಟಿಗೆಯೇ ದೊಡ್ಡಣ್ಣನಾಗಿ ಉಳಿದಿತ್ತು ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ಮತ್ತೆ ಜೂನ್ 3ಕ್ಕೆ. ಆ ಫೈನಲ್‌ನ ಟಿ.ವಿ. ರೀಚ್ 16.9 ಕೋಟಿ, ಒಟ್ಟು ನೋಡಿದ ಹೊತ್ತು ಸುಮಾರು 1,500 ಕೋಟಿ ನಿಮಿಷ. ತಲೆಗೆ ಹಂಚಿದರೆ ಒಬ್ಬೊಬ್ಬರು ಒಂದೂವರೆ ಗಂಟೆ. ಪಂದ್ಯ ನಡೆದದ್ದು ಸುಮಾರು ನಾಲ್ಕು ಗಂಟೆ. ಹಾಗಾಗಿ ಯಾವುದೇ ಒಂದು ನಿಮಿಷ ತೆಗೆದುಕೊಂಡರೂ ಟಿ.ವಿ. ಮುಂದೆ ಸರಾಸರಿ ಆರು ಕೋಟಿ ಚಿಲ್ಲರೆ ಜನ. ಡಿಜಿಟಲ್‌ನಲ್ಲಿ ಏಕಕಾಲದ ಗರಿಷ್ಠ 5.5 ಕೋಟಿ. ಅಕ್ಕನ ಮಗನ ಪರದೆಯ ಮೂಲೆಯಲ್ಲಿ ಅರವತ್ತು ಕೋಟಿಗೂ ಮೇಲೆ. ಒಂದೇ ರಾತ್ರಿ, ಒಂದೇ ಪಂದ್ಯ.

ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕಿತ್ತು. ಹೇಜಲ್‌ವುಡ್‌ನ ಮೊದಲ ಎರಡು ಎಸೆತಕ್ಕೆ ರನ್ ಬರಲಿಲ್ಲ, ಕೊಹ್ಲಿಯ ಕಣ್ಣು ಆಗಲೇ ತುಂಬಿತ್ತು. ಮೊಬೈಲು ಟಿ.ವಿ.ಗಿಂತ ಅರ್ಧ ನಿಮಿಷ ಹಿಂದೆ ಓಡುತ್ತಿತ್ತು. ಟಿ.ವಿ.ಯಲ್ಲಿ ಆರ್‌ಸಿಬಿ ಗೆದ್ದು ಬೀದಿಯಲ್ಲಿ ಪಟಾಕಿ ಸಿಡಿಯುವಾಗ ಅಕ್ಕನ ಮಗನ ಅಂಗೈಯಲ್ಲಿ ಇನ್ನೂ ಒಂದು ಎಸೆತ ಬಾಕಿ. ಅವನು ಅದನ್ನು ಅಲ್ಲಿಯೂ ಪೂರ್ತಿ ನೋಡಿದ, ಮುಚ್ಚಿದ, ಗೆಳೆಯರಿಗೆ ಏನೋ ಬರೆದ, ಕಪ್ ಕೊಡುವುದನ್ನು ನೋಡಲು ಮತ್ತೆ ತೆರೆದ. ಮೂಲೆಯ ಅಂಕಿಗೆ ಇನ್ನೊಂದು ಸೇರಿತು.