ಜ್ಬೊರೊವ್‌ಸ್ಕಿ: ಶೋಕಿಗಾರನೋ, ರೇಸುಗಾರನೋ?

ಪ್ರಶ್ನೆ: ವಿಮಾನದ ಎಂಜಿನ್ ಕೂರಿಸಿ ಕಾರು ಕಟ್ಟಿಸಿದ ಕೌಂಟ್ ಲೂಯಿ ಜ್ಬೊರೊವ್‌ಸ್ಕಿ ನಿಜವಾದ ರೇಸ್ ಚಾಲಕನೇ, ಅಥವಾ ಪಿತ್ರಾರ್ಜಿತದ ಹಣದಲ್ಲಿ ಮೋಜು ಮಾಡಿದವನೇ?

ಉತ್ತರ: ಹಣ ಪಿತ್ರಾರ್ಜಿತವೆನ್ನುವುದಕ್ಕಿಂತ ತಾಯಿಯ ಕಡೆಯದು. 1895ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲೂಯಿಯ ತಾಯಿ, ನ್ಯೂಯಾರ್ಕಿನ ಭೂಮಾಲೀಕರಾದ ಆಸ್ಟರ್ ಮನೆತನಕ್ಕೆ ಸೇರಿದವಳು. 1911ರಲ್ಲಿ ಆಕೆ ತೀರಿಕೊಂಡಾಗ ಮ್ಯಾನ್‌ಹಟನ್ನಿನ ಜಮೀನೂ ಇಂಗ್ಲೆಂಡಿನ ಕೆಂಟ್ ಪ್ರಾಂತದ ಹೈಯಮ್ ಪಾರ್ಕ್ ಬಂಗಲೆಯೂ ಹದಿನಾರರ ಹುಡುಗನ ಪಾಲಿಗೆ ಬಂದವು. ತಂದೆಯಿಂದ ಬಂದದ್ದು ರೇಸಿನ ಹುಚ್ಚು. ಆ ತಂದೆ 1903ರಲ್ಲಿ ಫ್ರಾನ್ಸಿನ ಲಾ ಟುರ್ಬಿ ಬೆಟ್ಟದ ದಾರಿಯ ಸ್ಪರ್ಧೆಯಲ್ಲಿ ಅಪಘಾತಕ್ಕೆ ಬಲಿಯಾಗಿದ್ದ.

ಮೊದಲ ಮಹಾಯುದ್ಧ ಮುಗಿದ ಮೇಲೆ ವಿಮಾನದ ಎಂಜಿನ್ನುಗಳು ಮಿಕ್ಕ ಸರಕಾಗಿ ಮಾರಾಟಕ್ಕೆ ಬಿದ್ದಿದ್ದವು. ಎಂಜಿನಿಯರ್ ಕ್ಲೈವ್ ಗ್ಯಾಲಪ್ ಜೊತೆ ಸೇರಿ ಲೂಯಿ, ಹಳೆಯ ಮರ್ಸಿಡಿಸ್ ಕಾರಿನ ಚಾಸಿಯ (ಅಡಿಕಟ್ಟಿನ) ಮೇಲೆ 23 ಲೀಟರಿನ ಆರು ಸಿಲಿಂಡರ್ ಮೇಬಾಕ್ ಎಂಜಿನ್ ಇರಿಸಿ, ಅದರ ಬಲವನ್ನು ಸರಪಳಿಯ ಮೂಲಕ ಹಿಂದಿನ ಚಕ್ರಗಳಿಗೆ ಹಾಯಿಸಿ, 'ಚಿಟ್ಟಿ ಬ್ಯಾಂಗ್ ಬ್ಯಾಂಗ್' ಎಂಬ ಕಾರನ್ನು ಸಿದ್ಧಪಡಿಸಿದ. (ಇಂದಿನ ಸಾಧಾರಣ ಸಣ್ಣ ಕಾರಿನ ಎಂಜಿನ್ ಒಂದು, ಒಂದೂವರೆ ಲೀಟರಿನದು.) 1921ರ ಈಸ್ಟರ್ ಹೊತ್ತಿಗೆ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನ ಓರೆಯಾಗಿ ಎದ್ದ ಕಾಂಕ್ರೀಟ್ ರೇಸ್ ಪಥದಲ್ಲಿ ಅದು ಗೆದ್ದಿತು. ಇಷ್ಟನ್ನೇ ನೋಡಿದರೆ ಶೋಕಿ ಎನ್ನಬಹುದು. ಭಾರದ ಕಾರಿಗೆ ದೈತ್ಯ ಎಂಜಿನ್ ಇದ್ದಾಗ ಅರ್ಧ ಕೆಲಸವನ್ನು ಎಂಜಿನ್ನೇ ಮಾಡುತ್ತದೆ.

ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲವೆಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಕೈಗೆ ಕಾಸಿಲ್ಲದೆ ಒದ್ದಾಡುತ್ತಿದ್ದ ಆಸ್ಟನ್ ಮಾರ್ಟಿನ್ ಕಂಪನಿಗೆ ಹಣ ಕೊಟ್ಟು, ಅದರ ಪುಟ್ಟ ಕಾರಿನಲ್ಲಿ 1922ರ ಫ್ರೆಂಚ್ ಗ್ರಾಂಪ್ರಿಗೆ ತಾನೇ ಇಳಿದ. ಮರುವರ್ಷ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನಲ್ಲಿ ಬುಗಾಟಿ ಕಾರು ಓಡಿಸಿ ಕೊನೆಮುಟ್ಟಲಾಗಲಿಲ್ಲವಾದರೂ, ಅದೇ ವರ್ಷ ಸ್ಪೇನಿನ ಸಿಟ್ಜೆಸ್‌ನಲ್ಲಿ ಮಿಲ್ಲರ್ ಕಾರಿನೊಡನೆ, ಸನ್‌ಬೀಮ್ ತಂಡದ ಆಲ್ಬರ್ಟ್ ದಿವೋನ ಹಿಂದೆ ಎರಡನೆಯವನಾಗಿ ಬಂದ. ವೃತ್ತಿಪರರ ನಡುವಿನ ಈ ಎರಡನೆಯ ಸ್ಥಾನವನ್ನು ದುಡ್ಡು ಕೊಟ್ಟು ಕೊಳ್ಳಲಾಗದು. 1924ರಲ್ಲಿ ಮರ್ಸಿಡಿಸ್ ತಂಡ ಆತನಿಗೆ ತನ್ನ ಕಾರನ್ನು ಒಪ್ಪಿಸಿತು. ಆ ವರ್ಷದ ಅಕ್ಟೋಬರ್ 19ರಂದು ಮೊಂಝಾದ ಇಟಾಲಿಯನ್ ಗ್ರಾಂಪ್ರಿಯಲ್ಲಿ ಕಾರು ಮರಕ್ಕೆ ಬಡಿದು ಆತ ಮೃತನಾದ, ವಯಸ್ಸು 29. ವೇಗ ಹೆಚ್ಚಿಸುವ ಕೈಹಿಡಿಗೆ ಸಿಕ್ಕಿಕೊಂಡು ತಂದೆಯ ಸಾವಿಗೆ ಕಾರಣವಾದವೆನ್ನಲಾದ ಕಫ್‌ಲಿಂಕ್‌ಗಳನ್ನೇ (ಅಂಗಿತೋಳಿನ ಅಲಂಕಾರದ ಗುಂಡಿಗಳು) ಮಗನೂ ಅಂದು ಧರಿಸಿದ್ದನೆಂಬ ಕಥೆ ಎಲ್ಲೆಡೆ ಕಾಣಸಿಗುತ್ತದೆ, ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳುವುದು ಲೇಸು.

ಆತ ಬಿಟ್ಟುಹೋದ 27 ಲೀಟರಿನ ಲಿಬರ್ಟಿ ಎಂಜಿನ್ನಿನ ಕಾರನ್ನು ರೇಸ್ ಚಾಲಕ ಪ್ಯಾರಿ ಥಾಮಸ್ 125 ಪೌಂಡಿಗೆ ಕೊಂಡು, ತಿದ್ದಿ, 'ಬ್ಯಾಬ್ಸ್' ಎಂದು ಹೆಸರಿಟ್ಟು, 1926ರಲ್ಲಿ ವೇಲ್ಸಿನ ಪೆಂಡೈನ್ ಮರಳದಂಡೆಯಲ್ಲಿ ಗಂಟೆಗೆ 171 ಮೈಲಿಯ ಭೂವೇಗ ದಾಖಲೆ ಮಾಡಿದ. ಇನ್ನು, ಹಳಿಗಳ ನಡುವೆ 15 ಅಂಗುಲವಷ್ಟೇ ಅಂತರವಿರುವ ಪುಟ್ಟ ರೈಲುದಾರಿಯೊಂದನ್ನು ಹಾಕಬೇಕೆಂದು ಗೆಳೆಯ ಹೌವಿಯೊಡನೆ ಯೋಜಿಸಿ ಲೂಯಿ ತರಿಸಲು ಹೇಳಿದ್ದ ಎರಡು ಉಗಿ ಎಂಜಿನ್ನುಗಳು, 1927ರಲ್ಲಿ ತೆರೆದ ರಾಮ್ನಿ, ಹೈದ್ ಮತ್ತು ಡಿಮ್‌ಚರ್ಚ್ ರೈಲುಮಾರ್ಗದ ಪಾಲಾದವು.