ಮೆಟಲ್ ಟೋನ್‌ಗೆ ಆಂಪ್ ಆರಿಸುವುದು: ಗೇನ್‌ಗಿಂತ ಮುಂಚೆ ಬೇಸ್ ನೋಡಿ

ಹೆವಿ ಮೆಟಲ್ ನುಡಿಸಬೇಕು ಅಂತ ಆಂಪ್ (ಗಿಟಾರ್ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹುಡುಕುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ಗೇನ್ ಎಷ್ಟಿದೆ?" ಗೇನ್ ಅಂದರೆ ಆಂಪ್ ಒಳಗೆ ಸಿಗ್ನಲ್ ಎಷ್ಟು ಬೆಳೆದು ಒರಟಾಗಬೇಕು ಅನ್ನುವ ಹತೋಟಿ. ನಾನೂ ಅದನ್ನೇ ಕೇಳಿದ್ದೆ. ಆಮೇಲೆ ಕಲಿತದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಈಗ ಆಂಪ್ ಕೊಳ್ಳಲು ಹೊರಟಿರುವವರಿಗೆ ಉಪಯೋಗ ಆಗಲಿ ಅಂತ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಂಜೆಯ ಕಥೆ. ಮನೆಯಲ್ಲಿ ನನ್ನ ಆಂಪ್‌ನಲ್ಲಿ ಗೇನ್ 9, ಬೇಸ್ (ಕೆಳಗಿನ ಸ್ವರ) 9, ಮಿಡ್ (ನಡುವಿನದು) 1, ಟ್ರೆಬಲ್ (ಮೇಲಿನದು) 8 ಇಟ್ಟಿರುತ್ತಿದ್ದೆ. ಒಬ್ಬನೇ ನುಡಿಸುವಾಗ ಕಿವಿ ತುಂಬುತ್ತಿತ್ತು. ಅದೇ ಸೆಟ್ಟಿಂಗ್ ಇಟ್ಟುಕೊಂಡು ಮೊದಲ ಸಲ ಬ್ಯಾಂಡ್ ಅಭ್ಯಾಸದ ಕೋಣೆಗೆ, ಅಂದರೆ ಜಾಮ್ ಪ್ಯಾಡ್‌ಗೆ ಹೋದೆ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಶುರುವಾದ ಕೂಡಲೇ ನನ್ನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮಾಯ. ಹಿಂದೆ ಎಲ್ಲೋ ಜುಂಯ್ ಅಂತ ಒಂದು ಸದ್ದು ಮಾತ್ರ. ವಾಲ್ಯೂಮ್ ಏರಿಸಿದರೆ ಆ ಜುಂಯ್ ಜಾಸ್ತಿ ಆಯಿತು, ಅಷ್ಟೆ. ಬೇಸ್ ಗಿಟಾರ್ ನುಡಿಸುತ್ತಿದ್ದ ಗೆಳೆಯ ಬಂದು ಆಂಪ್ ಮೇಲಿನ ಮೂರು ಗುಬ್ಬಿ (ನಾಬ್) ತಿರುಗಿಸಿದ: ಗೇನ್ 5, ಬೇಸ್ 4, ಮಿಡ್ 6. ಅದೇ ಗಿಟಾರ್, ಅದೇ ಆಂಪ್. ಒಂದೊಂದು ಪಿಕ್ ಏಟೂ ಬಿಡಿಬಿಡಿಯಾಗಿ ಕೇಳಿಸಿತು. ಮೆಟಲ್‌ನ ಭಾರ ಬರುವುದು ಗೇನ್‌ನಿಂದಲ್ಲ, ಬಿಗಿಯಿಂದ ಅಂತ ನನಗೆ ಅರ್ಥವಾಗಿದ್ದು ಅವತ್ತು.

ಡಿಸ್ಟಾರ್ಷನ್ ಒಳಗೆ ಏನಾಗುತ್ತದೆ

ಗಿಟಾರ್‌ನಿಂದ ಬರುವ ಸಣ್ಣ ಸಿಗ್ನಲ್ ಮೊದಲು ಪ್ರೀಆಂಪ್‌ಗೆ ಹೋಗುತ್ತದೆ, ಆಮೇಲೆ ಪವರ್ ಆಂಪ್‌ಗೆ, ಕೊನೆಗೆ ಸ್ಪೀಕರ್‌ಗೆ. ಮೆಟಲ್‌ನ ಒರಟು ಸದ್ದು, ಅಂದರೆ ಡಿಸ್ಟಾರ್ಷನ್, ಬಹುಪಾಲು ಹುಟ್ಟುವುದು ಪ್ರೀಆಂಪ್‌ನಲ್ಲಿ. ಒಂದರ ಹಿಂದೆ ಒಂದು ಹಂತದಲ್ಲಿ ಸಿಗ್ನಲ್ ಎಷ್ಟು ಬೆಳೆಯುತ್ತದೆ ಅಂದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ತಲೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ.

ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ ಹಿಡಿಯುವುದು) ಅಷ್ಟು ದಪ್ಪ ಯಾಕೆ ಕೇಳಿಸುತ್ತದೆ ಅಂತ ಯೋಚಿಸಿದ್ದೀರಾ? ಲೆಕ್ಕ ಮಾಡಿ ನೋಡಿ. ದಪ್ಪ ಇ ತಂತಿ ಸುಮಾರು 82 ಹರ್ಟ್ಸ್. ಅದರ ಜೊತೆ ಹಿಡಿಯುವ ಬಿ ಸ್ವರ ಸುಮಾರು 123 ಹರ್ಟ್ಸ್. ಎರಡೂ ಸೇರಿ ಡಿಸ್ಟಾರ್ಷನ್ ಒಳಗೆ ಹೋದರೆ ಅವುಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹೊರಬರುತ್ತದೆ: 41 ಹರ್ಟ್ಸ್. ಅದು ಬೇಸ್ ಗಿಟಾರ್‌ನ ದಪ್ಪ ಇ ತಂತಿಯ ಸ್ವರ! ನೀವು ನುಡಿಸಿಯೇ ಇಲ್ಲ, ಆದರೂ ಕೆಳಗೆ ಒಂದು ಆಕ್ಟೇವ್ (ಸಪ್ತಕ) ತುಂಬಿಕೊಂಡಿತು. ನನಗೆ ಇದು ಗೊತ್ತಾದ ದಿನ ಗಿಟಾರ್ ಕೆಳಗಿಡಲು ಮನಸ್ಸೇ ಬರಲಿಲ್ಲ.

ಆದರೆ ತೊಂದರೆಯೂ ಇಲ್ಲಿಂದಲೇ ಶುರು. ಒಳಗೆ ಹೋಗುವ ಬೇಸ್ ಜಾಸ್ತಿ ಇದ್ದಷ್ಟೂ ಈ ಕೆಳಗಿನ ಸದ್ದು ಉಕ್ಕುತ್ತದೆ. ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವುದು) ಮಾಡಿದಾಗ ಬರುವ ದಪ್ಪ ಏಟು ಇಡೀ ಡಿಸ್ಟಾರ್ಷನ್ ಹಂತವನ್ನು ಆವರಿಸಿಕೊಂಡು ಪಿಕ್‌ನ ಚೂಪನ್ನು ನುಂಗಿಬಿಡುತ್ತದೆ. ಆಮೇಲೆ ಆಂಪ್‌ನ ಬೇಸ್ ಗುಬ್ಬಿ ಇಳಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ಯಾಕೆಂದರೆ ಹೆಚ್ಚಿನ ಹೈ-ಗೇನ್ ಆಂಪ್‌ಗಳಲ್ಲಿ ಆ ಗುಬ್ಬಿ ಇರುವುದು ಡಿಸ್ಟಾರ್ಷನ್ ಆದ ನಂತರ. ಅಕ್ಕಿಯಲ್ಲಿರುವ ಕಲ್ಲನ್ನು ಬೇಯಿಸುವ ಮುಂಚೆಯೇ ಆರಿಸಬೇಕು, ಅಲ್ವಾ? ಇಲ್ಲೂ ಹಾಗೆಯೇ. ಬೇಡದ ಬೇಸನ್ನು ಡಿಸ್ಟಾರ್ಷನ್‌ಗೆ ಹೋಗುವ ಮುಂಚೆಯೇ ತೆಗೆಯಬೇಕು.

ಈ ಗುಟ್ಟು ಮೆಟಲ್‌ನಷ್ಟೇ ಹಳೆಯದು

ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಬಂದಿದ್ದು 1970ರಲ್ಲಿ. ಗಿಟಾರ್ ಟೋನಿ ಅಯೋಮಿ ಅವರದು. ಬರ್ಮಿಂಗ್‌ಹ್ಯಾಮ್‌ನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಅವರ ಬಲಗೈಯ ಎರಡು ಬೆರಳಿನ ತುದಿ ತುಂಡಾಗಿತ್ತು. ಅವರು ಎಡಚರು. ಅಂದರೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಟೊಪ್ಪಿಗೆ ಮಾಡಿ ಬೆರಳಿಗೆ ಹಾಕಿಕೊಂಡು, ತೆಳ್ಳನೆಯ ತಂತಿ ಕಟ್ಟಿ ನುಡಿಸಿದರು. ಅವರ ಆಂಪ್ ಅದೇ ಊರಿನ ಲೇನಿ ಕಂಪನಿಯದು. ಆ ಆಂಪ್‌ನ ಮುಂದೆ ಒಂದು ಪುಟ್ಟ ಪೆಟ್ಟಿಗೆ ಇತ್ತು: ಡಲ್ಲಾಸ್ ರೇಂಜ್‌ಮಾಸ್ಟರ್ ಟ್ರೆಬಲ್ ಬೂಸ್ಟರ್. ಹೆಸರೇ ಹೇಳುವಂತೆ ಅದು ಮೇಲಿನ ಸ್ವರಗಳನ್ನು ಎತ್ತಿ ಕೊಡುತ್ತದೆ. ಜಗತ್ತಿನ ಅತಿ ಭಾರದ ರಿಫ್‌ಗಳಿಗೆ ಬೇಸ್ ಬೂಸ್ಟರ್ ಅಲ್ಲ, ಟ್ರೆಬಲ್ ಬೂಸ್ಟರ್! ಇದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇಪ್ಪತ್ತು ವರ್ಷ ಮುಂದೆ ಬನ್ನಿ. 1992ರಲ್ಲಿ ಪೀವಿ ಕಂಪನಿ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರಿಗಾಗಿ 5150 ಅನ್ನುವ ಆಂಪ್ ತಂದಿತು. 120 ವ್ಯಾಟ್, ಪವರ್ ಭಾಗದಲ್ಲಿ ನಾಲ್ಕು 6ಎಲ್6 ವಾಲ್ವ್ (ಸಿಗ್ನಲ್ ಬೆಳೆಸುವ ಗಾಜಿನ ನಳಿಗೆ). ಅವರು ಕಂಪನಿ ಬಿಟ್ಟ ಮೇಲೆ ಅದಕ್ಕೆ 6505 ಅಂತ ಹೆಸರಾಯಿತು, 1965ರಿಂದ 2005ರವರೆಗಿನ ಪೀವಿಯ ನಲವತ್ತು ವರ್ಷದ ನೆನಪಿಗೆ. ಹಾರ್ಡ್ ರಾಕ್‌ಗೆ ಹುಟ್ಟಿದ ಈ ಆಂಪನ್ನು ಮೆಟಲ್ ಬ್ಯಾಂಡ್‌ಗಳು ತಮ್ಮದಾಗಿ ಮಾಡಿಕೊಂಡವು. ಗೇನ್ ಬೇಕಾದಷ್ಟಿದ್ದರೂ ಅದರ ಮುಂದೆ ಐಬನೇಜ್ ಟ್ಯೂಬ್ ಸ್ಕ್ರೀಮರ್ ಅನ್ನುವ ಓವರ್‌ಡ್ರೈವ್ ಪೆಡಲ್ (ಗಿಟಾರ್ ಮತ್ತು ಆಂಪ್ ನಡುವಿನ ಪುಟ್ಟ ಪೆಟ್ಟಿಗೆ) ಇಡುವುದು ರೂಢಿಯಾಯಿತು. ಪೆಡಲ್‌ನ ಗುಬ್ಬಿಗಳು ಹೀಗೆ: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಇಲ್ಲಿ ಪೆಡಲ್‌ನ ಕೆಲಸ ಡಿಸ್ಟಾರ್ಷನ್ ಕೊಡುವುದಲ್ಲ. ಅದು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಹಿಂದಕ್ಕೆ ತಳ್ಳಿ ಮಿಡ್ ಅನ್ನು ಮುಂದಕ್ಕೆ ತರುತ್ತದೆ. ಅಯೋಮಿ ಅವರ ಪೆಟ್ಟಿಗೆ ಮಾಡಿದ ಕೆಲಸವೇ ಇದು. ಮಾರ್ಷಲ್ ಕಂಪನಿಯ ಜೆಸಿಎಂ800 ಆಂಪ್ ಮುಂದೆಯೂ ಇದೇ ಪೆಡಲ್ ನಡೆಯುತ್ತದೆ. ಅಲ್ಲಿ ಗೇನ್ ಸ್ವಲ್ಪ ಕಡಿಮೆ ಇರುವುದರಿಂದ ಆ ಹೆಚ್ಚುವರಿ ತಳ್ಳುವಿಕೆಯೂ ಬೇಕಾಗುತ್ತದೆ.

ಹಾಗಾಗಿ ಬಜೆಟ್ ಹಾಕುವಾಗ ಆಂಪ್ ಒಂದಕ್ಕೇ ಎಲ್ಲಾ ಹಣ ಸುರಿಯಬೇಡಿ. ಸಾಧಾರಣ ಆಂಪ್ ಜೊತೆಗೆ ಒಂದು ಓವರ್‌ಡ್ರೈವ್ ಪೆಡಲ್ ಇದ್ದರೆ, ಪೆಡಲ್ ಇಲ್ಲದ ದುಬಾರಿ ಆಂಪ್‌ಗಿಂತ ಬಿಗಿಯಾಗಿ ಕೇಳಿಸಬಹುದು.

ಮೆಟಲ್ ಅಂದರೆ ಒಂದೇ ಟೋನ್ ಅಲ್ಲ ಅನ್ನುವುದೂ ನಿಜ. ಸ್ವೀಡನ್‌ನ ಎಂಟೂಮ್ಡ್‌ನಂಥ ಡೆತ್ ಮೆಟಲ್ ಬ್ಯಾಂಡ್‌ಗಳು ಬಾಸ್ ಕಂಪನಿಯ ಎಚ್ಎಂ-2 ಪೆಡಲ್‌ನ ಎಲ್ಲಾ ಗುಬ್ಬಿಗಳನ್ನೂ ಕೊನೆವರೆಗೆ ತಿರುಗಿಸಿ ಗರಗಸದಂಥ ಸದ್ದು ಮಾಡಿದವು. ನಿಮಗೆ ಯಾವ ಸದ್ದು ಬೇಕು ಅಂತ ಮೊದಲು ಗೊತ್ತಿರಲಿ. ಇಷ್ಟದ ಮೂರು ಬ್ಯಾಂಡ್ ಹೆಸರು ಬರೆದುಕೊಂಡು ಅಂಗಡಿಗೆ ಹೋಗಿ.

ಮಿಡ್ ತೆಗೆಯಬೇಡಿ

ಮಿಡ್ ಸೊನ್ನೆ ಮಾಡಿದರೆ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ ಬ್ಯಾಂಡ್‌ನಲ್ಲಿ ಕೆಳಗಿನ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗೆ ಸೇರಿದ್ದು. ಮೇಲಿನ ಜಾಗ ಸಿಂಬಲ್‌ಗೆ. ಗಿಟಾರ್‌ಗೆ ಉಳಿಯುವುದೇ ನಡುವಿನದು. ಅದನ್ನೂ ತೆಗೆದರೆ ನಿಲ್ಲಲು ಜಾಗ ಎಲ್ಲಿದೆ? ಐರನ್ ಮೇಡನ್ ಬ್ಯಾಂಡ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ವೇದಿಕೆ ಮೇಲೆ ಮೂರು ಗಿಟಾರ್ ಇದ್ದವು. ಮೂರೂ ಬೇರೆ ಬೇರೆಯಾಗಿ ಕೇಳಬೇಕು ಅಂದರೆ ಮಿಡ್ ಇಲ್ಲದೆ ಆಗುವ ಮಾತಲ್ಲ.

ಇನ್ನೊಂದು ವಿಷಯ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಅದಕ್ಕೇ ಮನೆಯಲ್ಲಿ ನಾವು ಬೇಸ್ ಏರಿಸಿಕೊಳ್ಳುತ್ತೇವೆ. ಅದೇ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಏರಿದರೆ ಬೇಸ್ ಉಕ್ಕಿ ಹರಿಯುತ್ತದೆ. ಆದ್ದರಿಂದ ಮನೆಗೊಂದು, ಜಾಮ್‌ಗೊಂದು ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ.

ವ್ಯಾಟ್ ಮತ್ತು ಸ್ಪೀಕರ್

100 ವ್ಯಾಟ್ ಆಂಪ್ 50 ವ್ಯಾಟ್ ಆಂಪ್‌ನ ಎರಡರಷ್ಟು ಜೋರಲ್ಲ. ವ್ಯತ್ಯಾಸ ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹಾಗಾಗಿ ವ್ಯಾಟ್ ನೋಡಿ ಮರುಳಾಗಬೇಡಿ. ಸ್ಪೀಕರ್ ಬದಲಾಯಿಸಿದರೆ ಅದಕ್ಕಿಂತ ದೊಡ್ಡ ಬದಲಾವಣೆ ಆಗುತ್ತದೆ. ಮೆಟಲ್‌ನಲ್ಲಿ ಎಲ್ಲೆಲ್ಲೂ ಕಾಣುವ ಸೆಲೆಷನ್ ವಿಂಟೇಜ್ 30 ಸ್ಪೀಕರ್‌ನ ಮೇಲಿನ ಮಿಡ್ ಚೂಪಾಗಿದೆ. ರಿಫ್ ಮುಂದೆ ಬರುವುದು ಅದರಿಂದ. ಸ್ಪೀಕರ್ ಕೂರಿಸಿದ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್‌ನ ಬೆನ್ನು ಮುಚ್ಚಿದ್ದರೆ ಪಾಮ್ ಮ್ಯೂಟ್ ಎದೆಗೆ ಗುದ್ದುತ್ತದೆ, ತೆರೆದಿದ್ದರೆ ಸದ್ದು ಕೋಣೆ ತುಂಬ ಹರಡುತ್ತದೆ. 8 ಇಂಚಿನ ಸ್ಪೀಕರ್‌ನಿಂದ ಆ ಗುದ್ದು ಕೇಳಬೇಡಿ. ಆಗುವುದಾದರೆ 12 ಇಂಚು ತೆಗೆದುಕೊಳ್ಳಿ.

ವಾಲ್ವ್ ಬೇಕೇ ಬೇಕಾ? ಬೇಡ. ಪ್ಯಾಂಟೆರಾ ಬ್ಯಾಂಡಿನ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ ಹೆಸರು ಮಾಡಿದ್ದೇ ರ‍್ಯಾಂಡಲ್ ಕಂಪನಿಯ, ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ. ಬಾಡಿಗೆ ಮನೆಯಲ್ಲಿ ಇರುವವರಿಗೆ ನನ್ನ ಸಲಹೆ ಬಾಸ್ ಕಟಾನಾ 50ರಂಥ ಮಾಡೆಲಿಂಗ್ ಆಂಪ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವಂಥದ್ದು). 12 ಇಂಚಿನ ಸ್ಪೀಕರ್ ಇದೆ. ಪವರ್ ಅನ್ನು ಅರ್ಧ ವ್ಯಾಟ್‌ಗೆ ಇಳಿಸಬಹುದು. ಪಕ್ಕದ ಮನೆಯವರು ಬಾಗಿಲು ತಟ್ಟದಂತೆ ಅಭ್ಯಾಸ ಮಾಡಬಹುದು. ವಾಲ್ವ್ ಆಂಪನ್ನೇ ಕೊಂಡರೆ ಒಂದು ಮಾತು ಮರೆಯಬೇಡಿ: ಸ್ಪೀಕರ್ ಜೋಡಿಸದೆ ಯಾವತ್ತೂ ಆನ್ ಮಾಡಿ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆಂಪ್‌ನ ಓಮ್ (ವಿದ್ಯುತ್ ತಡೆಯ ಅಳತೆ) ಮತ್ತು ಕ್ಯಾಬಿನೆಟ್‌ನ ಓಮ್ ಹೊಂದಬೇಕು.

ಅಮೆರಿಕದಿಂದ ನೆಂಟರ ಕೈಲಿ ಆಂಪ್ ತರಿಸುವವರು ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಓದಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಆಂಪ್ ಹೋಯಿತು ಅಂತಲೇ ಲೆಕ್ಕ. ಮನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಇದೆಯಾ ಅಂತಲೂ ನೋಡಿಸಿ. ಅರ್ಥಿಂಗ್ ಇಲ್ಲದಿದ್ದರೆ ಹೈ-ಗೇನ್‌ನಲ್ಲಿ ಗುಂಯ್‌ಗುಡುವುದು ಹೆಚ್ಚುತ್ತದೆ, ಲೋಹದ ತಂತಿ ಮುಟ್ಟುವ ನಮಗೂ ಅಪಾಯ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ನೆ ಕೆಲಸ ಸಾಗಿಸಬೇಡಿ.

ಅಂಗಡಿಯಲ್ಲಿ ಪರೀಕ್ಷೆ

ನಿಮ್ಮದೇ ಗಿಟಾರ್ ತೆಗೆದುಕೊಂಡು ಹೋಗಿ. ಮೂರೂ ಟೋನ್ ಗುಬ್ಬಿ 5ರಲ್ಲಿ, ಗೇನ್ 0. ದಪ್ಪ ಇ ತಂತಿಯ ಮೇಲೆ ಪಾಮ್ ಮ್ಯೂಟ್ ಮಾಡುತ್ತಾ ಗೇನ್ ನಿಧಾನವಾಗಿ ಏರಿಸಿ. ಜುಗ್ ಜುಗ್ ಅನ್ನುವ ಏಟು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾದರೆ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ನಿಮ್ಮ ಗೇನ್ ಅದು. ಈಗ ಎಂಟು ಏಟು ವೇಗವಾಗಿ ಹೊಡೆದು, ಒಂಬತ್ತನೆಯದರ ಜಾಗದಲ್ಲಿ ಎರಡೂ ಕೈಯಿಂದ ತಂತಿ ಹಿಡಿದು ನಿಲ್ಲಿಸಿ. ಸದ್ದು ಕತ್ತರಿಸಿದಂತೆ ನಿಲ್ಲಬೇಕು. ಬಾಲ ಎಳೆದರೆ ಮುಂದೆ ಓವರ್‌ಡ್ರೈವ್ ಪೆಡಲ್ ಇಟ್ಟು ಇನ್ನೊಮ್ಮೆ ಹೊಡೆಯಿರಿ.

ಆಮೇಲೆ ಆಂಪ್ ಮುಟ್ಟದೆ ಗಿಟಾರ್‌ನ ವಾಲ್ಯೂಮ್ 10ರಿಂದ 4ಕ್ಕೆ ಇಳಿಸಿ, ಒಂದು ಪೂರ್ತಿ ಮೈನರ್ ಕಾರ್ಡ್ ನಿಧಾನವಾಗಿ ಬಿಡಿಸಿ ನುಡಿಸಿ. ಆರೂ ತಂತಿಯ ಸ್ವರ ಬೇರೆ ಬೇರೆ ಕೇಳಿಸಿದರೆ ಬೆಲೆ ಕೇಳಿ.